ಒದ್ದೆ ಹುಲ್ಲಿನ ವಾಸನೆ

ಅಜ್ಜಿ ದಿನಾ ಬೆಳಿಗ್ಗೆ ಮಾವನ ದುಪ್ಪಟಿಯನ್ನು ಮೂಗಿಗೆ ಹಿಡಿದು ನೋಡುತ್ತಿದ್ದಳು. ರಾತ್ರಿಯೆಲ್ಲಾ ಬೆವರಿ ತೊಪ್ಪೆಯಾಗಿರುತ್ತಿದ್ದ ದುಪ್ಪಟಿ ಅದು. "ಇದು ಮನುಷ್ಯರ ಬೆವ್ರಲ್ಲ ಕಣವ್ವ. ಮಳೇಲಿ ನೆಂದ ಮೆದೆ ಬುಡಕ್ಕೆ ಕೈ ಹಾಕಿದ್ರೆ ಬರ್ತದಲ್ಲ, ಆ ವಾಸ್ನೆ" ಎಂದು ಅಮ್ಮನಿಗೆ ಹೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಯಸ್ಸಾದ ಮೇಲೆ ಅಜ್ಜಿಗೆ ಎಲ್ಲದರಲ್ಲೂ ಏನಾದರೊಂದು ವಾಸನೆ ಬರುತ್ತಿತ್ತು. ಕೊಳಾಯಿ ನೀರಿನಲ್ಲಿ ಕಬ್ಬಿಣ, ಪ್ಯಾಕೆಟ್ ಹಾಲಿನಲ್ಲಿ ಪ್ಲಾಸ್ಟಿಕ್, ನನ್ನ ಶಾಂಪೂ ತಲೆಯಲ್ಲಿ ಸೀಮೆಎಣ್ಣೆ.

ನಮ್ಮಜ್ಜಿಯ ಊರು ಚನ್ನರಾಯಪಟ್ಟಣದ ಕಡೆ. ಮೂವತ್ತು ತೆಂಗಿನ ಮರ, ಒಂದಿಷ್ಟು ರಾಗಿ ಹೊಲ, ಕೊಟ್ಟಿಗೆಯಲ್ಲಿ ನಾಲ್ಕು ಹಸು. ಮನೆ ನಡೆಯುತ್ತಿದ್ದುದು ಹಸುಗಳಿಂದಲೇ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಡೈರಿಗೆ ಹಾಲು ಹಾಕಿದರೆ ವಾರಕ್ಕೊಮ್ಮೆ ಕೈಗೆ ದುಡ್ಡು. ಕರೆಯುವುದು ಮಾವನ ಕೆಲಸ. ಕರೆಯುವಾಗ ಮೊದಲ ಚೊಂಬು ಹಾಲನ್ನು ಅವನು ಅಲ್ಲೇ, ಮಂಡಿಯ ಮೇಲೆ ಕೂತೇ, ಗಟಗಟ ಕುಡಿಯುತ್ತಿದ್ದ. ಬೆಚ್ಚಗಿನ ನೊರೆಹಾಲು. ಮೀಸೆಗೆ ಬಿಳಿ ಅಂಟಿಕೊಳ್ಳುತ್ತಿತ್ತು. ರಜೆಗೆ ಹೋದಾಗ ನಮಗೂ ಕೊಡುತ್ತಿದ್ದ. "ಕಾಯ್ಸಿದ್ರೆ ಅದ್ರಲ್ಲಿರೋ ಸತ್ವ ಎಲ್ಲಾ ಹೊಗೆ ಜೊತೆ ಹೋಯ್ತದೆ ಪುಟ್ಟಿ, ಹಿಂಗೇ ಕುಡೀಬೇಕು" ಎನ್ನುತ್ತಿದ್ದ. ನನಗೆ ಆ ನೊರೆ ಇಷ್ಟವಿತ್ತು, ಹಾಲಿನ ಹಸಿವಾಸನೆ ಇಷ್ಟವಿರಲಿಲ್ಲ. ಎರಡು ಗುಟುಕು ಕುಡಿದು ಉಳಿದದ್ದನ್ನು ಬೆಕ್ಕಿಗೆ ಹಾಕುತ್ತಿದ್ದೆ. ಅದೇ ನನ್ನನ್ನು ಕಾಪಾಡಿತು ಎಂದೇನೂ ಹೇಳಲಾರೆ.

2009ರ ಕೊನೆಯಲ್ಲಿ ಗೌರಿ ಎಂಬ ಹಸು ಏಳು ತಿಂಗಳಿಗೇ ಕಂದು ಹಾಕಿತು. ಹಸುಗಳ ಗರ್ಭಪಾತಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಮಾಸು ಪೂರ್ತಿ ಬಿದ್ದಿರಲಿಲ್ಲ. ಮಾವ ಮೊಣಕೈವರೆಗೆ ಬರಿಗೈ ಹಾಕಿ ಎಳೆದು ತೆಗೆದ. ಸತ್ತ ಕರುವನ್ನು ತೆಂಗಿನ ಬುಡದಲ್ಲಿ ಹೂತ. ಮಾಸನ್ನು ಹುಲ್ಲಿನಲ್ಲಿ ಸುತ್ತಿ ಊರಾಚೆಯ ಆಲದ ಮರಕ್ಕೆ ಕಟ್ಟಿ ಬಂದ. ಆಲದಲ್ಲಿ ಹಾಲಿದೆ, ಅದಕ್ಕೆ ಕಟ್ಟಿದರೆ ಹಸುವಿಗೂ ಹಾಲು ಇಳಿಯುತ್ತದೆ ಎಂಬ ನಂಬಿಕೆ. ಆಮೇಲೆ ಸೋಪು ಹಾಕಿ ಕೈ ತೊಳೆದು ಊಟಕ್ಕೆ ಕೂತ. ಅಂದಿನ ಮಟ್ಟಿಗೆ ಕತೆ ಅಷ್ಟೇ.

ಒಂದೆರಡು ತಿಂಗಳಲ್ಲಿ ಜ್ವರ ಶುರುವಾಯಿತು. ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈ ಬಿಸಿ, ರಾತ್ರಿ ಬೆವರು, ಸೊಂಟದಲ್ಲಿ ಕೂರಲಾಗದ, ನಿಲ್ಲಲಾಗದ ನೋವು. ಹತ್ತು ದಿನ ಹೀಗಿದ್ದು ಹೋಗುತ್ತಿತ್ತು. ಸರಿಹೋಯಿತು ಎಂದುಕೊಂಡು ಹೊಲಕ್ಕೆ ಹೊರಟರೆ ಮತ್ತೆ ಬರುತ್ತಿತ್ತು. ಮಲೇರಿಯಾ ಎಂದು ಮಾತ್ರೆ ಕೊಟ್ಟರು, ಆಮೇಲೆ ಟೈಫಾಯಿಡ್ ಎಂದರು. ಒಬ್ಬರು ಬೆನ್ನುಮೂಳೆಯ ಕ್ಷಯ ಇರಬಹುದೆಂದು ಎಕ್ಸ್‌ರೇ ತೆಗೆಸಿದರು. ಇನ್ನೊಬ್ಬರು ಎಲ್ಲ ರಿಪೋರ್ಟುಗಳನ್ನೂ ತಿರುವಿ ಹಾಕಿ, ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಧೈರ್ಯ ಹೇಳಿ ಎಂದು ಅತ್ತೆಗೆ ಹೇಳಿ ಕಳಿಸಿದರು.

ಆ ಮಾತು ಊರಿಗೆ ಹಬ್ಬಿತು. ಬೆಳಿಗ್ಗೆ ನೆಟ್ಟಗೆ ಓಡಾಡುವ ಗಂಡಸು, ಸಂಜೆ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಮಲಗುತ್ತಾನೆ ಎಂದರೆ ಜನ ಏನೆಂದಾರು? ಅತ್ತೆ ಒಬ್ಬಳೇ ನಾಲ್ಕು ಹಸು ಕರೆದು, ಡೈರಿಗೆ ಹೊತ್ತು, ಬಂದು ಒಲೆ ಹಚ್ಚುತ್ತಿದ್ದಳು. ಒಂದು ದಿನ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿ, "ಇವ್ರಿಗೆ ಬಂದಿರೋದು ಜ್ವರ ಅಲ್ಲ, ಸೋಂಬೇರಿತನ" ಎಂದಳು. ಮಾವ ಗೋಡೆ ಕಡೆ ತಿರುಗಿ ಮಲಗಿದ. ನಾನೂ ಅಲ್ಲೇ ಇದ್ದೆ. ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಈ ಮುಂದಿನದನ್ನು ಹೇಳಿಕೊಳ್ಳಲು ನನಗೆ ಈಗಲೂ ಕಷ್ಟ. ಆ ವರ್ಷ ನಾನು ಮೈಸೂರಿನಲ್ಲಿ ಬಿಎಸ್ಸಿ ಓದುತ್ತಿದ್ದೆ, ಮೈಕ್ರೋಬಯಾಲಜಿ ತೆಗೆದುಕೊಂಡು. ಡಿಸೆಂಬರ್ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯೊಂದು ಬಂದಿತ್ತು: ಬ್ರುಸೆಲ್ಲೋಸಿಸ್ ಬಗ್ಗೆ ಟಿಪ್ಪಣಿ ಬರೆಯಿರಿ. ನಾನು ಬರೆದೆ. ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಬೆನ್ನುನೋವು, ಸೋಂಕಿತ ದನದ ಹಸಿ ಹಾಲು ಅಥವಾ ಗರ್ಭಪಾತದ ಸ್ರಾವಗಳ ಸಂಪರ್ಕದಿಂದ ಹರಡುತ್ತದೆ. ನಮ್ಮ ಮೇಷ್ಟರು ನೋಟ್ಸಿನಲ್ಲಿ ಬರೆಸಿದ್ದ ಇನ್ನೊಂದು ಸಾಲನ್ನೂ ಸೇರಿಸಿದೆ: ಬೆವರಿಗೆ ಒದ್ದೆ ಹುಲ್ಲಿನಂಥ ವಾಸನೆ ಇರಬಹುದು. ಪೂರ್ತಿ ಅಂಕ ಬಂದಿರಬೇಕು. ಮೂರು ವಾರದ ನಂತರ ಸಂಕ್ರಾಂತಿಗೆ ಊರಿಗೆ ಹೋದೆ. ಮಾವ ಆ ಸಲ ದನಗಳಿಗೆ ಕಿಚ್ಚು ಹಾಯಿಸಲು ಬರಲಿಲ್ಲ, ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದ. ಅಜ್ಜಿ ನನ್ನ ಎದುರೇ ದುಪ್ಪಟಿ ಮೂಸಿ ಅದೇ ಮಾತು ಹೇಳಿದಳು. ನಾನು ಎಳ್ಳು ಬೆಲ್ಲ ತಿನ್ನುತ್ತಾ ಕೇಳಿಸಿಕೊಂಡೆ. ಪುಸ್ತಕದಲ್ಲಿದ್ದದ್ದು ಪುಸ್ತಕದಲ್ಲಿತ್ತು, ಜಗಲಿಯಲ್ಲಿದ್ದದ್ದು ಜಗಲಿಯಲ್ಲಿತ್ತು.

ಮೇ ತಿಂಗಳಲ್ಲಿ ಹಾಸನದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮಾವನ ನಾಡಿ ಹಿಡಿಯುವ ಮೊದಲೇ ಕೇಳಿದರಂತೆ: "ಮನೇಲಿ ದನ ಇದ್ಯಾ? ಯಾವುದಾದ್ರೂ ಕಂದು ಹಾಕಿತ್ತಾ?" ಅವರೂ ಹಸು ಸಾಕಿದ ಮನೆಯವರೇ. ರಕ್ತ ಪರೀಕ್ಷೆಯಾಯಿತು, ಬ್ರುಸೆಲ್ಲಾ ಎಂದು ಬಂತು. ಆರು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಮೊದಲೆರಡು ವಾರ ದಿನಾ ಸ್ಟ್ರೆಪ್ಟೊಮೈಸಿನ್ ಸೂಜಿ. ಫೋನಿನಲ್ಲಿ ಅಮ್ಮ ಆ ಹೆಸರನ್ನು ತೊದಲುತ್ತಾ ಹೇಳಿದಾಗ ನಾನು ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ.

ಆ ರಜೆಯಲ್ಲಿ ನಾಚಿಕೆಗೆ ಪ್ರಾಯಶ್ಚಿತ್ತ ಎಂಬಂತೆ ಆ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುವಾಗ ಸಿಕ್ಕವಳು ಆಲಿಸ್ ಇವಾನ್ಸ್. ನಮ್ಮ ಪಠ್ಯದಲ್ಲಿ ಆಕೆಯ ಹೆಸರೇ ಇರಲಿಲ್ಲ. ಹಾಲಿನ ವಿಷಯ ಬಂದರೆ ಎಲ್ಲರೂ ಪಾಶ್ಚರ್ ಎನ್ನುತ್ತೇವೆ. ಪಾಶ್ಚರ್ 1860ರ ದಶಕದಲ್ಲಿ ಬಿಸಿ ಮಾಡಿ ಕಾಪಾಡಲು ಹೊರಟದ್ದು ದ್ರಾಕ್ಷಾರಸವನ್ನು. ಆ ವಿಧಾನ ಹಾಲಿಗೆ ಬಂದದ್ದು ಆಮೇಲೆ. ಅದು ಕಾನೂನಾಗಿ ಊರೂರಿಗೆ ತಲುಪಲು ಇನ್ನೂ ಬಹಳ ಕಾಲ, ಬಹಳ ಜನರ ಜಗಳ ಬೇಕಾಯಿತು. ಆ ಜಗಳಗಂಟರಲ್ಲಿ ಒಬ್ಬಳು ಈಕೆ.

ಆಲಿಸ್ ಹುಟ್ಟಿದ್ದು 1881ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನೀತ್ ಎಂಬ ಹಳ್ಳಿಯಲ್ಲಿ, ವೇಲ್ಸ್ ಮೂಲದ ರೈತರ ಮನೆಯಲ್ಲಿ. ಕಾಲೇಜಿಗೆ ಕಳಿಸಲು ದುಡ್ಡಿರಲಿಲ್ಲ. ನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಹಳ್ಳಿ ಮೇಷ್ಟರುಗಳಿಗೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ಅಧ್ಯಯನದ ಉಚಿತ ಕೋರ್ಸೊಂದಿತ್ತು. ಅದಕ್ಕೆಂದು ಹೋದವಳು ಅಲ್ಲೇ ಉಳಿದು 1909ರಲ್ಲಿ ಬ್ಯಾಕ್ಟೀರಿಯಾಲಜಿಯಲ್ಲಿ ಪದವಿ ಪಡೆದಳು, ಮರುವರ್ಷ ವಿಸ್ಕಾನ್ಸಿನ್‌ನಲ್ಲಿ ಸ್ನಾತಕೋತ್ತರ ಪದವಿ. ಪಿಎಚ್‌ಡಿ ಮಾಡಲಿಲ್ಲ. ಕೃಷಿ ಇಲಾಖೆಯ ಡೈರಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. 1913ರಲ್ಲಿ ಆಕೆ ವಾಷಿಂಗ್ಟನ್‌ಗೆ ಬರುತ್ತಿದ್ದಾಳೆ ಎಂಬ ಸುದ್ದಿ ಕೇಳಿ ಅಲ್ಲಿನ ಅಧಿಕಾರಿಗಳು ಕುರ್ಚಿಯಿಂದ ಬೀಳುವುದೊಂದು ಬಾಕಿಯಂತೆ. ಹೆಂಗಸೊಬ್ಬಳು ವಿಜ್ಞಾನಿಯಾಗಿ ತಮ್ಮ ನಡುವೆ ಬಂದು ಕೂರುತ್ತಾಳೆಂದು ಅವರು ಎಣಿಸಿರಲಿಲ್ಲ.

ಆಕೆಗೆ ಕೊಟ್ಟ ಕೆಲಸ ಕೇಳಲು ಸಪ್ಪೆಯಾಗಿತ್ತು. ಕೆಚ್ಚಲಿನಿಂದ ಆಗಷ್ಟೇ ಕರೆದ ಹಾಲಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆ ಎಂದು ನೋಡುವುದು. ಆ ಕಾಲದ ಅಮೆರಿಕದಲ್ಲಿ ಒಳ್ಳೆಯ ಹಾಲು ಎಂದರೆ ಚೊಕ್ಕಟವಾದ ಹಾಲು. ಕೊಟ್ಟಿಗೆ ತೊಳೆದಿರಬೇಕು, ಕರೆಯುವವನ ಕೈ ತೊಳೆದಿರಬೇಕು, ಪಾತ್ರೆ ಬಿಸಿನೀರಿನಲ್ಲಿ ಅದ್ದಿರಬೇಕು. ವೈದ್ಯರ ಸಮಿತಿಗಳು ಇಂಥ ಡೈರಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಿದ್ದವು. ಆ ಹಸಿ ಹಾಲಿಗೆ ಬೆಲೆ ಜಾಸ್ತಿ, ಉಳ್ಳವರು ಮಕ್ಕಳಿಗೆ ಅದನ್ನೇ ಕುಡಿಸುತ್ತಿದ್ದರು. ಕೊಳೆ ಹೊರಗಿನಿಂದ ಬರುತ್ತದೆ, ತಡೆದರೆ ಸಾಕು ಎಂಬುದು ಅದರ ಹಿಂದಿನ ತರ್ಕ.

ಆಲಿಸ್ ಕಂಡದ್ದು ಈ ತರ್ಕವನ್ನೇ ಕೆಡಿಸುವಂಥದ್ದು. ಕಂದು ಹಾಕಿಸುವ ರೋಗಾಣು, ನೋಡಲು ಗಟ್ಟಿಮುಟ್ಟಾಗಿರುವ ಹಸುಗಳ ಕೆಚ್ಚಲಿನಿಂದಲೂ ಹಾಲಿನ ಜೊತೆಗೇ ಇಳಿಯುತ್ತಿತ್ತು. ಕೈ ಎಷ್ಟು ತೊಳೆದರೇನು, ಅದು ಇದ್ದದ್ದು ಒಳಗೆ.

ಆದರೆ ಅದು ದನದ ರೋಗಾಣು, ಮನುಷ್ಯರಿಗೇನು ಎಂದು ಎಲ್ಲರೂ ಅಂದುಕೊಂಡಿದ್ದರು. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಬ್ರಿಟಿಷ್ ಸೇನಾ ವೈದ್ಯ, ಏರಿಳಿಯುವ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಒಂದು ಸೂಕ್ಷ್ಮಾಣುವನ್ನು ಬೇರ್ಪಡಿಸಿದ್ದ. ನೋಡಲು ಗುಂಡಗೆ ಕಂಡಿತು, ಹಾಗಾಗಿ ಮೈಕ್ರೋಕಾಕಸ್ ಎಂದು ಕರೆದ. 1905ರಲ್ಲಿ ಅದೇ ಮಾಲ್ಟಾದ ಥೆಮಿಸ್ಟೊಕ್ಲೀಸ್ ಝಮಿತ್ ಅದು ಆಡಿನಲ್ಲಿದೆ ಎಂದು ತೋರಿಸಿದ. ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು, ಜ್ವರ ಇಳಿಯಿತು. ಇನ್ನೊಂದು ಕಡೆ, 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್, ಹಸುಗಳು ಕಂದು ಹಾಕಲು ಕಾರಣವಾದ ಸೂಕ್ಷ್ಮಾಣುವನ್ನು ಹಿಡಿದಿದ್ದ. ಅದು ಅವನಿಗೆ ಕಡ್ಡಿಯಂತೆ ಕಂಡಿತು, ಬ್ಯಾಸಿಲಸ್ ಎಂದ.

ಒಂದು ಗುಂಡು, ಒಂದು ಕಡ್ಡಿ. ಒಂದು ಆಡಿನದು, ಒಂದು ಹಸುವಿನದು. ಒಂದು ಮನುಷ್ಯ ವೈದ್ಯರ ಪುಸ್ತಕದಲ್ಲಿ, ಇನ್ನೊಂದು ಪಶುವೈದ್ಯರ ಪುಸ್ತಕದಲ್ಲಿ. ಇಪ್ಪತ್ತು ವರ್ಷ ಇವೆರಡನ್ನೂ ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆಲಿಸ್ ಇಟ್ಟಳು. ಎರಡನ್ನೂ ಒಂದೇ ಆಹಾರದಲ್ಲಿ ಬೆಳೆಸಿದಳು, ಒಂದರ ವಿರುದ್ಧದ ಸೀರಮ್ಮನ್ನು ಇನ್ನೊಂದಕ್ಕೆ ಹಾಕಿ ನೋಡಿದಳು. ಬೇರೆ ಬೇರೆ ಎಂದು ಹೇಳಲು ಆಕೆಗೆ ಸಾಧ್ಯವಾಗಲಿಲ್ಲ. ನನಗೆ ಈ ಭಾಗ ಓದುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅಷ್ಟು ದೊಡ್ಡ ವಿದ್ವಾಂಸರು ಮಾಡದೇ ಬಿಟ್ಟದ್ದು ಎರಡು ನಳಿಗೆಗಳನ್ನು ಒಂದೇ ಸ್ಟ್ಯಾಂಡಿನಲ್ಲಿಡುವ ಕೆಲಸ. ನಾನು ಮಾಡದೇ ಬಿಟ್ಟದ್ದೂ ಅಂಥದ್ದೇ.

1917ರ ಕೊನೆಯಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಇದನ್ನು ಹೇಳಿದಳು, ಮರುವರ್ಷ ಪ್ರಕಟಿಸಿದಳು. ಹಸುವಿನ ಹಸಿ ಹಾಲು ಕುಡಿದು ನಮ್ಮ ದೇಶದ ಜನರೂ ಕಾಯಿಲೆ ಬೀಳುತ್ತಿರಬಹುದಲ್ಲವೇ ಎಂದು ಕೇಳಿದಳು. ನಂಬಿದವರು ಕಡಿಮೆ. ಇಷ್ಟು ಸ್ಪಷ್ಟವಾದ ಸಂಬಂಧವಿದ್ದರೆ ಮೊದಲೇ ಯಾರಾದರೂ ಕಂಡಿರುತ್ತಿದ್ದರು ಎಂಬುದು ಒಂದು ವಾದ. ಹೆಂಗಸು, ಪಿಎಚ್‌ಡಿಯೂ ಇಲ್ಲ ಎಂಬುದು ಬಾಯಿಬಿಟ್ಟು ಹೇಳದ ಇನ್ನೊಂದು ವಾದ. ಹಾಲಿನ ವ್ಯಾಪಾರಿಗಳಂತೂ, ಹಾಲು ಕಾಯಿಸುವ ಯಂತ್ರ ತಯಾರಿಸುವವರ ಜೊತೆ ಈಕೆ ಶಾಮೀಲಾಗಿದ್ದಾಳೆ ಎಂದರು.

ಒಪ್ಪದವರಲ್ಲಿ ಥಿಯೊಬಾಲ್ಡ್ ಸ್ಮಿತ್ ಕೂಡ ಇದ್ದರು. ದನಗಳ ಉಣ್ಣೆಹುಳುವಿನಿಂದ ಜ್ವರ ಹರಡುತ್ತದೆಂದು ತೋರಿಸಿದ, ದನದ ಕ್ಷಯ ಮತ್ತು ಮನುಷ್ಯನ ಕ್ಷಯದ ರೋಗಾಣುಗಳನ್ನು ಬಿಡಿಸಿ ತೋರಿಸಿದ ದೊಡ್ಡ ವಿಜ್ಞಾನಿ. ಅವರ ಸಂಶಯವನ್ನು ಹಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎರಡೂ ಒಂದೇ ಎಂದಾದರೆ, ಇಷ್ಟು ಜನ ಹಸಿ ಹಾಲು ಕುಡಿಯುವ ಅಮೆರಿಕದಲ್ಲಿ ಆ ಜ್ವರದ ರೋಗಿಗಳು ಎಲ್ಲಿ? ಕೇಳಲೇಬೇಕಾದ ಪ್ರಶ್ನೆ. ಉತ್ತರ ಆಮೇಲೆ ನಿಧಾನವಾಗಿ ಬಂತು. ರೋಗಿಗಳು ಇದ್ದರು, ಟೈಫಾಯಿಡ್, ಮಲೇರಿಯಾ, ಇನ್‌ಫ್ಲುಯೆಂಜಾ ಎಂಬ ಹೆಸರುಗಳ ಕೆಳಗೆ ಮಲಗಿದ್ದರು. 1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರ್ಲ್ ಮೇಯರ್ ಮತ್ತು ಸಂಗಡಿಗರು ಆಕೆ ಹೇಳಿದ್ದು ಸರಿ ಎಂದು ಕಂಡರು. ಬ್ರೂಸ್ ಹೆಸರಿನಿಂದ ಈ ಸೂಕ್ಷ್ಮಾಣುಗಳಿಗೆ ಬ್ರುಸೆಲ್ಲಾ ಎಂಬ ಕುಲನಾಮ ಬಂತು. ಆ ದಶಕ ಮುಗಿಯುವುದರೊಳಗೆ ದೇಶ ದೇಶಗಳಿಂದ ವರದಿಗಳು ಬಂದವು. 1928ರಲ್ಲಿ, ಹತ್ತು ವರ್ಷದ ಹಿಂದೆ ತನ್ನನ್ನು ನಂಬದಿದ್ದ ಅದೇ ಸಂಘಕ್ಕೆ ಆಕೆ ಅಧ್ಯಕ್ಷೆಯಾದಳು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು. 1930ರ ದಶಕದಲ್ಲಿ ಅಮೆರಿಕದ ಊರುಗಳು ಒಂದೊಂದಾಗಿ ಹಾಲಿನ ಪಾಶ್ಚರೀಕರಣವನ್ನು ಕಡ್ಡಾಯ ಮಾಡತೊಡಗಿದವು. ಕ್ಷಯದ ಭಯದಿಂದ ಆ ಒತ್ತಾಯ ಮೊದಲೇ ಶುರುವಾಗಿತ್ತು, ಶಿಕಾಗೊದಲ್ಲಿ 1908ರಲ್ಲೇ ನಿಯಮ ಬಂದಿತ್ತು. ಎಲ್ಲವೂ ಆಲಿಸ್ ಒಬ್ಬಳಿಂದಲೇ ಆಯಿತೆಂದರೆ ಸುಳ್ಳಾಗುತ್ತದೆ. ಆದರೆ ಚೊಕ್ಕಟವಾಗಿ ಕರೆದರೆ ಸಾಕು ಎಂಬ ವಾದದ ಬುಡಕ್ಕೆ ನೀರು ಬಿಟ್ಟವರಲ್ಲಿ ಆಕೆ ಮುಖ್ಯಳು. ಅರವತ್ತಮೂರು ಡಿಗ್ರಿಯಲ್ಲಿ ಅರ್ಧ ಗಂಟೆ, ಇಲ್ಲವೇ ಎಪ್ಪತ್ತೆರಡು ಡಿಗ್ರಿಯಲ್ಲಿ ಹದಿನೈದು ಸೆಕೆಂಡು. ಅಷ್ಟಕ್ಕೆ ಬ್ರುಸೆಲ್ಲಾ ಸಾಯುತ್ತದೆ. ಮಾವ ಹೇಳುತ್ತಿದ್ದ ಸತ್ವ ಬಹುಪಾಲು ಹಾಗೇ ಉಳಿಯುತ್ತದೆ.

ಇಷ್ಟು ಮಾತ್ರವಾಗಿದ್ದರೆ ಆಲಿಸ್ ನನಗೆ ಇನ್ನೊಬ್ಬ ವಿಜ್ಞಾನಿಯಾಗಿ ಉಳಿಯುತ್ತಿದ್ದಳು. 1922ರಲ್ಲಿ, ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಆಕೆಗೆ ಅದೇ ರೋಗ ಅಂಟಿತು. ಆಗ ಆಂಟಿಬಯಾಟಿಕ್‌ಗಳಿರಲಿಲ್ಲ. ಬಂದು ಹೋಗಿ, ಬಂದು ಹೋಗಿ, ಸುಮಾರು ಇಪ್ಪತ್ತು ವರ್ಷ ಕಾಡಿತು. ಮೊದಮೊದಲು ಡಾಕ್ಟರುಗಳಿಗೆ ಕಾರಣ ಸಿಗಲಿಲ್ಲ. ನ್ಯೂರಸ್ತೀನಿಯಾ ಎಂದರು. ನರಗಳ ಬಳಲಿಕೆ ಎಂದು ಅದರ ಅರ್ಥ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಆ ರೋಗದ ಬಗ್ಗೆ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿದ್ದವರಲ್ಲಿ ಒಬ್ಬಳಾದ ಹೆಂಗಸಿಗೆ, ನಿನಗೆ ರೋಗವಿಲ್ಲ ಎಂದು ಹೇಳಲಾಯಿತು. ಕೆಲವು ವರ್ಷಗಳ ನಂತರ ಆಕೆಯ ದೇಹದಿಂದಲೇ ಬ್ರುಸೆಲ್ಲಾವನ್ನು ಬೆಳೆಸಿ ತೋರಿಸಿದ ಮೇಲೆ ಆ ಮಾತು ನಿಂತಿತು. ಈ ರೋಗದ ಹಳೆಯ ಹಿಡಿತದಲ್ಲಿ ಸಿಕ್ಕವರನ್ನು ಮನೆಯವರೂ ವೈದ್ಯರೂ ನಾಟಕ ಮಾಡುತ್ತಿದ್ದಾರೆಂದು ತಿಳಿಯುವ ಬಗ್ಗೆ ಆಕೆ ಆಮೇಲೆ ನೊಂದು ಬರೆದಳು.

ಇದನ್ನು ಓದಿದ ದಿನ ಮಾವನ ಹತ್ತಿರ ಹೋಗಿ ಕೂತೆ. ಅವನ ಆರು ವಾರದ ಮಾತ್ರೆ ಮುಗಿಯುತ್ತಾ ಬಂದಿತ್ತು. ಅಮೆರಿಕದಲ್ಲಿ ಹೀಗೊಬ್ಬ ಹೆಂಗಸಿದ್ದಳು ಎಂದು ಶುರುಮಾಡಿ ಎಲ್ಲ ಹೇಳಿದೆ. ಗುಂಡು, ಕಡ್ಡಿ, ಮಾಲ್ಟಾ ಯಾವುದೂ ಅವನಿಗೆ ಬೇಕಿರಲಿಲ್ಲ. "ಅವ್ಳಿಗೂ ಸೋಂಬೇರಿ ಅಂದ್ರಾ?" ಎಂದು ಕೇಳಿದ. ಹೆಚ್ಚುಕಮ್ಮಿ ಹಾಗೇ ಎಂದೆ. ಅವನು ಅಡುಗೆಮನೆ ಕಡೆ ನೋಡಿದ. ಅಲ್ಲಿ ಅತ್ತೆ ಇದ್ದಳು, ಪಾತ್ರೆ ಸದ್ದು ನಿಂತಿತ್ತು.

ನಾನು ತಪ್ಪೊಪ್ಪಿಕೊಳ್ಳಬೇಕೆಂದೇ ಹೋಗಿದ್ದೆ. ಪರೀಕ್ಷೆಯ ವಿಷಯ ಬಾಯಿಗೆ ಬರಲಿಲ್ಲ. ಇವತ್ತಿಗೂ ಅವನಿಗೆ ಹೇಳಿಲ್ಲ.

ದನದ ಡಾಕ್ಟರು ಬಂದು ಹಸುಗಳ ರಕ್ತ ತೆಗೆದುಕೊಂಡು ಹೋದರು. ಗೌರಿಗೆ ಇದೆ ಎಂದು ಬಂತು. ಇದಕ್ಕೆ ಹಸುವಿಗೆ ಕೊಡುವ ಔಷಧಿಯಿಲ್ಲ. ಲಸಿಕೆ ಇರುವುದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ. ಅಮೆರಿಕದಲ್ಲಿ 1930ರ ದಶಕದಲ್ಲಿ ಇಂಥ ಹಸುಗಳನ್ನು ಪರೀಕ್ಷಿಸಿ ಕೊಂದು, ಸರ್ಕಾರ ರೈತರಿಗೆ ಪರಿಹಾರ ಕೊಟ್ಟಿತು. ನಮ್ಮ ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. ಉಳಿದದ್ದು ಮಾರುವುದು. ದಲ್ಲಾಳಿ ಬಂದು ರೇಟೂ ಹೇಳಿದ. ಮನೆಯಲ್ಲಿ ಸಾಲವಿತ್ತು, ಒಂದೂವರೆ ವರ್ಷ ಆಸ್ಪತ್ರೆಗಳಿಗೆ ಸುರಿದಿದ್ದರು. ಅತ್ತೆ ಕೊಡೋಣ ಎಂದಳು. ಮಾವ, "ನನ್ನ ಸೊಂಟನೋವ ಇನ್ನೊಬ್ಬನ ಕೊಟ್ಟಿಗೆಗೆ ಹಗ್ಗ ಹಾಕಿ ಕಳ್ಸಾಕಾಯ್ತದಾ?" ಎಂದ. ಗೌರಿಯನ್ನು ಮತ್ತೆ ಗಬ್ಬ ಕಟ್ಟಿಸಲಿಲ್ಲ. ಹಿತ್ತಲಲ್ಲಿ ಬೇರೆ ಚಪ್ಪರ ಹಾಕಿ ಕಟ್ಟಿದರು. ಹಾಲು ಬತ್ತಿದ ಹಸುವಿಗೆ ಐದು ವರ್ಷ ಹುಲ್ಲು, ಹಿಂಡಿ. ಅತ್ತೆ ಗೊಣಗುತ್ತಲೇ ಹಾಕಿದಳು. ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಆ ಹಿಂಡಿಯ ದುಡ್ಡು ಬಂದದ್ದು ಅತ್ತೆಯ ಬೆನ್ನಿನಿಂದ.

ಆದರೆ ಇನ್ನೊಂದು ಹಸು ಇತ್ತು. ಮಾವ ಮಲಗಿದ್ದಾಗ, ಕಾಯಿಲೆಯ ಹೆಸರು ತಿಳಿಯುವ ಎರಡು ತಿಂಗಳು ಮೊದಲು, ಅತ್ತೆ ಅದನ್ನು ಪಕ್ಕದ ಊರಿನವರೊಬ್ಬರಿಗೆ ಮಾರಿದ್ದಳು. ಗೌರಿಯ ಪಕ್ಕದ ಗೂಟದ್ದು. ಅದಕ್ಕೂ ಇತ್ತೋ ಇಲ್ಲವೋ ಗೊತ್ತಿಲ್ಲ. ನಡೆದಾಡುವಷ್ಟು ಶಕ್ತಿ ಬಂದ ಕೂಡಲೇ ಮಾವ ಅಲ್ಲಿಗೆ ಹೋದ, ನನ್ನನ್ನೂ ಕರೆದುಕೊಂಡು. ಓದಿದ ಹುಡುಗಿ ಜೊತೆಗಿದ್ದರೆ ನಂಬುತ್ತಾರೆ ಎಂಬ ಆಸೆ. ಆ ಮನೆಯವರು ಕಾಫಿ ಕೊಟ್ಟರು, ಎಲ್ಲ ಕೇಳಿಸಿಕೊಂಡರು. ಹಸು ಚೆನ್ನಾಗಿ ಕರೆಯುತ್ತಿತ್ತು, ದಿನಕ್ಕೆ ಹನ್ನೆರಡು ಲೀಟರ್. ಯಜಮಾನರು ನಕ್ಕು, "ಅಲ್ಲಾ ಗೌಡ್ರೇ, ಹಸ ವಾಪಸ್ ಬೇಕಿದ್ರೆ ನೇರ ಕೇಳಿ. ರೋಗ ಗೀಗ ಅಂತ ಯಾಕೆ ಕತೆ ಕಟ್ಟೀರಿ?" ಎಂದರು. ನಾನು ರಕ್ತ ಪರೀಕ್ಷೆ ಎಂದೆ, ಹಾಲು ಕಾಯಿಸಿ ಕುಡಿಯಿರಿ ಎಂದೆ, ಕಂದು ಹಾಕಿದರೆ ಬರಿಗೈಲಿ ಮುಟ್ಟಬೇಡಿ ಎಂದೆ. "ಆಯ್ತು ಬುಡವ್ವ" ಎಂದರು.

ಬೈಕಿನಲ್ಲಿ ವಾಪಸ್ ಬರುವಾಗ ಮಾವ ಮಾತಾಡಲಿಲ್ಲ. ಆ ಮನೆಯಲ್ಲಿ ಆಮೇಲೆ ಯಾರಿಗಾದರೂ ಜ್ವರ ಬಂತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಬಂದಿದ್ದರೆ ಅದನ್ನೂ ಟೈಫಾಯಿಡ್ ಎಂದಿರುತ್ತಾರೆ.

ಈಗ ನಾನು ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಬ್ರುಸೆಲ್ಲಾ ಪಾಠಕ್ಕೆ ಪಠ್ಯಕ್ರಮದಲ್ಲಿ ಇರುವುದು ಒಂದು ತರಗತಿ, ನಾನು ಮೂರು ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ದನ ಇರುವವರು ಕೈ ಎತ್ತಿ ಎಂದು ಮೊದಲು ಕೇಳುತ್ತೇನೆ. ಬೆಂಗಳೂರಿನ ಹತ್ತಿರವಾದರೂ ಅರ್ಧ ತರಗತಿ ಕೈ ಎತ್ತುತ್ತದೆ. ಕಂದು ಹಾಕಿದ್ದನ್ನು ನೋಡಿದವರು ಎಂದರೆ ಐದಾರು ಕೈ. ಪುಸ್ತಕದ ಇಂಗ್ಲಿಷ್ ಹೆಸರಿಗೂ ಈ ಮಾತಿಗೂ ಸಂಬಂಧವಿದೆ ಎಂದು ತಿಳಿದಾಗ ಅವರ ಮುಖ ಬದಲಾಗುವುದನ್ನು ನೋಡುತ್ತೇನೆ. ಕೆಲವರು ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಂತು, ಮೇಡಂ, ನಮ್ಮ ದೊಡ್ಡಪ್ಪನಿಗೆ ಹೀಗಾಗ್ತಿದೆ ಎಂದು ಶುರುಮಾಡುತ್ತಾರೆ. ಎಲ್ಲವೂ ಬ್ರುಸೆಲ್ಲಾ ಆಗಿರುವುದಿಲ್ಲ. ಡಾಕ್ಟರಿಗೆ ದನದ ವಿಷಯ ಹೇಳಿ ಎಂದಷ್ಟೇ ಹೇಳಿ ಕಳಿಸುತ್ತೇನೆ.

ಆಲಿಸ್ ಬಗ್ಗೆಯೂ ಹೇಳುತ್ತೇನೆ. 1932ರಲ್ಲಿ ಪಾಲ್ ಡಿ ಕ್ರೈಫ್ ಸಾವಿನ ವಿರುದ್ಧ ಹೋರಾಡಿದ ಗಂಡಸರು ಎಂಬರ್ಥದ ಹೆಸರಿನ ಪುಸ್ತಕ ಬರೆದು, ಅದರಲ್ಲಿ ಆಕೆಗೂ ಒಂದು ಅಧ್ಯಾಯ ಕೊಟ್ಟ ಎಂದರೆ ಹುಡುಗಿಯರು ಜೋರಾಗಿ ನಗುತ್ತಾರೆ. ಎಂಬತ್ತೈದನೇ ವಯಸ್ಸಿನಲ್ಲಿ, ಸರ್ಕಾರದ ಆರೋಗ್ಯ ವಿಮೆಯ ಅರ್ಜಿಯಲ್ಲಿ ನಾನು ಕಮ್ಯುನಿಸ್ಟ್ ಅಲ್ಲ ಎಂದು ಬರೆದುಕೊಡಬೇಕೆಂಬ ಷರತ್ತನ್ನು ಆಕೆ ವಿರೋಧಿಸಿದಳು. 1967ರಲ್ಲಿ ಆ ಷರತ್ತು ಸಂವಿಧಾನಕ್ಕೆ ವಿರುದ್ಧ ಎಂದು ಸರ್ಕಾರವೇ ಒಪ್ಪಿತು. 1975ರಲ್ಲಿ ತೀರಿಕೊಂಡಾಗ ತೊಂಬತ್ತನಾಲ್ಕು ವರ್ಷ.

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಕೊಟ್ಟಿಗೆಯಲ್ಲಿ ಮೂರು ಹಸು, ಒಂದು ಹೆಣ್ಣು ಕರು. ಕರುವಿನ ಕಿವಿಯಲ್ಲಿ ಹಳದಿ ಓಲೆ. ಕೇಂದ್ರ ಸರ್ಕಾರ 2019ರಲ್ಲಿ ಕಾಲುಬಾಯಿ ಜ್ವರದ ಜೊತೆ ಈ ರೋಗಕ್ಕೂ ಲಸಿಕೆಯ ಕಾರ್ಯಕ್ರಮ ಶುರುಮಾಡಿತಲ್ಲ, ಆಮೇಲೆ ಹುಟ್ಟಿದ ಹೆಣ್ಣು ಕರುಗಳಿಗೆಲ್ಲ ಮಾವ ತಪ್ಪದೆ ಹಾಕಿಸಿದ್ದಾನೆ. ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಉದ್ದ ತೋಳಿನ ಕೈಗವಸುಗಳಿದ್ದವು. ಮಾವನ ಸೊಂಟ ಪೂರ್ತಿ ನೆಟ್ಟಗಾಗಲಿಲ್ಲ, ಹಾಲು ಕರೆಯಲು ಈಗ ಮಂಡಿಯ ಮೇಲೆ ಕೂರಲಾರ, ಮೂರು ಕಾಲಿನ ಸ್ಟೂಲು ಇಟ್ಟುಕೊಂಡಿದ್ದಾನೆ.

ಬೆಂಗಳೂರಿನಿಂದ ಬಂದಿದ್ದ ನೆಂಟರ ಹುಡುಗ, ಆರು ವರ್ಷದವನು, ಕರೆಯುವುದನ್ನೇ ನೋಡುತ್ತಾ ಲೋಟ ಹಿಡಿದು ನಿಂತಿದ್ದ. ಅವನಪ್ಪ ಮೊಬೈಲು ಹಿಡಿದು, "ಹಾಕಿ ಮಾವಾ, ಫ್ರೆಶ್ಶಾಗಿ ಹಂಗೇ ಕುಡೀಲಿ, ಸಿಟೀಲಿ ಎಲ್ಲಿ ಸಿಗತ್ತೆ" ಎಂದ. ಮಾವ ಚೊಂಬಿನ ಮೇಲೆ ಅಂಗೈ ಮುಚ್ಚಿದ. ಸ್ಟೂಲಿಗೆ ಕೈ ಊರಿ ನಿಧಾನಕ್ಕೆ ಎದ್ದು, ಹುಡುಗನ ಭುಜದ ಮೇಲೆ ಭಾರ ಬಿಟ್ಟುಕೊಂಡು ಅಡುಗೆಮನೆ ಕಡೆ ನಡೆದ.

"ಬಾ ಮಗಾ, ನಿಮ್ಮಜ್ಜಿ ಒಲೆ ಹಚ್ಚವ್ಳೆ. ಉಕ್ಕೋದ ನೋಡುವಂತೆ."